ಪಟ್ಟಿಯಲ್ಲಿ ಹೆಸರಿಲ್ಲದವರು: ಗ್ರೀಕ್ ಅಂತರ್ಯುದ್ಧದ ನಿರಾಶ್ರಿತ ಮಕ್ಕಳು ಮತ್ತು ಧರ್ಮಸಭೆಯ ಹೊಣೆ

ಬಾಬಿಲೋನಿನ ಸೆರೆವಾಸದಿಂದ ತಾಯ್ನಾಡಿಗೆ ಮರಳಿದವರ ದೀರ್ಘವಾದ ಪಟ್ಟಿಯೊಂದು ಎಜ್ರನ ಗ್ರಂಥದ ಎರಡನೆಯ ಅಧ್ಯಾಯದಲ್ಲಿದೆ. ಹೆಸರುಗಳೂ ಅಂಕಿಗಳೂ ತುಂಬಿರುವ ಈ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ದಾಟಿಬಿಡುತ್ತೇವೆ. ಆದರೆ 59ರಿಂದ 63ರವರೆಗಿನ ವಚನಗಳು ನಮ್ಮನ್ನು ತಡೆದು ನಿಲ್ಲಿಸಬೇಕು. ಮರಳಿದವರಲ್ಲಿ 652 ಮಂದಿಗೆ ತಮ್ಮ ಮನೆತನವನ್ನಾಗಲಿ, ತಾವು ಇಸ್ರಯೇಲ್ ವಂಶದವರೆಂಬುದನ್ನಾಗಲಿ ರುಜುವಾತುಪಡಿಸಲು ಆಗಲಿಲ್ಲ. ಕೆಲವು ಯಾಜಕ ಕುಟುಂಬಗಳೂ ವಂಶಾವಳಿಯ ಪುಸ್ತಕದಲ್ಲಿ ಹುಡುಕಿ, ಹೆಸರು ಸಿಗದೆ, ಯಾಜಕತ್ವದಿಂದ ಹೊರಗುಳಿದವು. ಅವುಗಳಲ್ಲೊಂದು ಮದುವೆಯ ಸಂಬಂಧದಿಂದ ಬರ್ಜಿಲ್ಲೈಯ ಹೆಸರನ್ನು ಹೊತ್ತುಕೊಂಡಿದ್ದ ಕುಟುಂಬ. ಹೆಸರು ಬದಲಾಗಿತ್ತು, ಆದ್ದರಿಂದ ಪುಸ್ತಕದಲ್ಲಿ ಅವರು ಇರಲಿಲ್ಲ.

ತಾಯ್ನಾಡು ತನ್ನ ಮಕ್ಕಳನ್ನು ಯಾವುದರಿಂದ ಗುರುತಿಸುತ್ತದೆ ಎಂಬ ಈ ಪ್ರಶ್ನೆ ಕಳೆದ ಶತಮಾನದಲ್ಲಿ ಗ್ರೀಸ್ ದೇಶದ ಉತ್ತರ ಗಡಿಯಲ್ಲಿ ಮತ್ತೆ ಎದ್ದಿತು. 1948ರಲ್ಲಿ ಯುದ್ಧದ ನಡುವಿನಿಂದ ಗಡಿಯಾಚೆ ಸಾಗಿಸಲ್ಪಟ್ಟ ಮಕ್ಕಳು ಬೆಳೆದು, ಮುದುಕರಾಗಿ, ಹುಟ್ಟಿದ ಊರಿನ ಬಾಗಿಲು ತಟ್ಟಿದಾಗ ಅವರಿಗೆ ಎದುರಾದದ್ದು ಒಂದು ಪದ: ‘ಗೆನೋಸ್’, ಅಂದರೆ ಕುಲ ಅಥವಾ ವಂಶ. ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪದ ಅಪರಿಚಿತವಲ್ಲ. ಅದು ಹೊಸ ಒಡಂಬಡಿಕೆಯ ಪದವೂ ಹೌದು. ಆ ಮಕ್ಕಳ ಚರಿತ್ರೆಯನ್ನು ಸಂಗ್ರಹವಾಗಿ ನೋಡಿ, ಹೆಸರುಗಳ ಪುಸ್ತಕವನ್ನು ಕೈಯಲ್ಲಿ ಹಿಡಿದಿರುವ ಧರ್ಮಸಭೆಗೆ ಅದರಿಂದ ಯಾವ ಹೊಣೆ ಬರುತ್ತದೆ ಎಂಬುದನ್ನು ಚಿಂತಿಸುವುದು ಈ ಲೇಖನದ ಉದ್ದೇಶ.

ಗಡಿ ದಾಟಿದ ಮಕ್ಕಳು

ಸಂತ ಪೌಲರು ದರ್ಶನದಲ್ಲಿ ಕಂಡು ಕಡಲು ದಾಟಿ ಹೋದ ಮಕೆದೋನಿಯ ಶತಮಾನಗಳ ಕಾಲ ಒಟ್ಟೋಮನ್ ಸಾಮ್ರಾಜ್ಯದ ಭಾಗವಾಗಿತ್ತು. ಬಾಲ್ಕನ್ ಯುದ್ಧಗಳ ಕೊನೆಗೆ, 1913ರ ಬುಕಾರೆಸ್ಟ್ ಒಪ್ಪಂದದ ಮೂಲಕ ಗ್ರೀಸ್, ಸೆರ್ಬಿಯ, ಬಲ್ಗೇರಿಯಗಳು ಅದನ್ನು ಹಂಚಿಕೊಂಡವು. ದಕ್ಷಿಣದ ದೊಡ್ಡ ಪಾಲು ಗ್ರೀಸಿಗೆ ಬಂತು. ಅಲ್ಲಿನ ಕಸ್ತೋರಿಯ, ಫ್ಲೋರಿನ ಮೊದಲಾದ ಸೀಮೆಗಳ ಎಷ್ಟೋ ಹಳ್ಳಿಗಳ ಮನೆಮಾತು ಗ್ರೀಕ್ ಆಗಿರದೆ ಸ್ಲಾವಿಕ್ ಕುಲದ ಮಕೆದೋನಿಯನ್ ಭಾಷೆಯಾಗಿತ್ತು. 1920ರ ದಶಕದಲ್ಲಿ ಸರ್ಕಾರ ಆ ಹಳ್ಳಿಗಳಿಗೆಲ್ಲ ಗ್ರೀಕ್ ಹೆಸರಿಟ್ಟಿತು. ದಂಬೆನಿ ಎಂಬ ಊರು ದೆಂದ್ರೊಹೋರಿ ಆಯಿತು. ಸ್ಮರ್ದೆಶ್ ಎಂಬ ಊರು ಕ್ರಿಸ್ತಲೊಪಿಯಿ, ಅಂದರೆ ಸ್ಫಟಿಕದ ಬುಗ್ಗೆ, ಎನಿಸಿಕೊಂಡಿತು. ಜನರ ಹೆಸರುಗಳೂ ಹೀಗೆಯೇ ಬದಲಾದವು. 1936ರಲ್ಲಿ ಅಧಿಕಾರಕ್ಕೆ ಬಂದ ಮೆಟಾಕ್ಸಾಸ್ ಸರ್ವಾಧಿಕಾರದಲ್ಲಿ ಆ ಭಾಷೆಯನ್ನು ಬೀದಿಯಲ್ಲಿ ಆಡುವುದೇ ಶಿಕ್ಷಾರ್ಹವಾಯಿತು.

ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, 1946ರಿಂದ 1949ರವರೆಗೆ ಗ್ರೀಸಿನಲ್ಲಿ ಸರ್ಕಾರಕ್ಕೂ ಕಮ್ಯುನಿಸ್ಟ್ ನೇತೃತ್ವದ ಪ್ರಜಾಸತ್ತಾತ್ಮಕ ಸೇನೆಗೂ ಅಂತರ್ಯುದ್ಧ ನಡೆಯಿತು. ಉತ್ತರದ ಗ್ರಾಮೊಸ್ ಮತ್ತು ವಿತ್ಸಿ ಬೆಟ್ಟಗಳು ಕದನದ ಕೇಂದ್ರವಾದವು. 1948ರ ಮಾರ್ಚ್ ತಿಂಗಳಲ್ಲಿ ಬಂಡುಕೋರರು ತಮ್ಮ ಹಿಡಿತದಲ್ಲಿದ್ದ ಹಳ್ಳಿಗಳ ಮಕ್ಕಳನ್ನು ಗಡಿಯಾಚೆಗೆ ಕಳುಹಿಸತೊಡಗಿದರು. ಬಹುತೇಕ ಮಕ್ಕಳ ವಯಸ್ಸು ಮೂರರಿಂದ ಹದಿನಾಲ್ಕರ ಒಳಗೆ. ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಹೆಂಗಸಿನಂತೆ ‘ತಾಯಂದಿರನ್ನು’ ನೇಮಿಸಿ, ವಿಮಾನ ದಾಳಿಯ ಭಯದಿಂದ ರಾತ್ರಿಯ ವೇಳೆ ನಡೆಸಿಕೊಂಡು ಹೋಗುತ್ತಿದ್ದರು. ಪ್ರೆಸ್ಪ ಸರೋವರದ ಕಡೆಯಿಂದ ಯುಗೊಸ್ಲಾವಿಯಕ್ಕೆ, ಅಲ್ಲಿಂದ ರೈಲಿನಲ್ಲಿ ರುಮೇನಿಯ, ಹಂಗೇರಿ, ಚೆಕೊಸ್ಲೊವಾಕಿಯ, ಪೋಲೆಂಡುಗಳಿಗೆ. ಕೆಲವೇ ವಾರಗಳಲ್ಲಿ ಮರಳುತ್ತೇವೆಂದು ನಂಬಿ ಹೊರಟವರು ಅವರು. ಆ ಕಾಲದ ಅಂದಾಜು 28,000 ಮಕ್ಕಳೆಂದು ಹೇಳುತ್ತಿತ್ತು. ಈ ವಿಷಯದಲ್ಲಿ 2012ರಲ್ಲಿ ಗ್ರಂಥ ಪ್ರಕಟಿಸಿದ ಲೋರಿಂಗ್ ಡ್ಯಾನ್‌ಫೋರ್ತ್ ಮತ್ತು ರಿಕಿ ವಾನ್ ಬುಸ್‌ಖೋಟೆನ್ ಅವರ ಪ್ರಕಾರ ಸುಮಾರು 20,000. ಅವರಲ್ಲಿ ಗ್ರೀಕ್ ಮಾತಾಡುವವರೂ ಇದ್ದರು, ಮಕೆದೋನಿಯನ್ ಮಾತಾಡುವವರೂ ಇದ್ದರು. ಹೊರಡುವಾಗ ಅವರೆಲ್ಲರೂ ಒಂದೇ ಬಗೆಯ ಮಕ್ಕಳು; ಅವರನ್ನು ಎರಡು ಬಗೆಯಾಗಿಸಿದ್ದು ಮರಳುವ ದಾರಿ.

ನ್ಯಾಯವಾಗಿ ಹೇಳುವುದಾದರೆ ಈ ಕಥೆಗೆ ಇನ್ನೊಂದು ಮುಖವಿದೆ. ಅನೇಕ ತಾಯಂದಿರು ಬಾಂಬಿನಿಂದ ಮಕ್ಕಳನ್ನು ಉಳಿಸಲು ತಾವಾಗಿಯೇ ಕಳುಹಿಸಿದರು. ಕೆಲವರು ಬಲವಂತಕ್ಕೆ ಒಳಗಾದರು. ಎಪಿರಸ್ ಪ್ರಾಂತದ ಲಿಯಾ ಗ್ರಾಮದ ಎಲೆನಿ ಎಂಬ ತಾಯಿ ತನ್ನ ಮಕ್ಕಳು ಹಾಗೆ ಒಯ್ಯಲ್ಪಡದಂತೆ ತಪ್ಪಿಸಿಕೊಳ್ಳಲು ಏರ್ಪಾಡು ಮಾಡಿದ್ದಕ್ಕಾಗಿ ಬಂಡುಕೋರರಿಂದ ಕೊಲ್ಲಲ್ಪಟ್ಟಳು; ಅವಳ ಮಗ ನಿಕೊಲಸ್ ಗೇಜ್ ಮುಂದೆ ಆ ಕಥೆಯನ್ನು ಬರೆದರು. ಗಡಿಯಾಚೆ ಹೋದ ಹುಡುಗ ಹುಡುಗಿಯರಲ್ಲಿ ಸ್ವಲ್ಪ ದೊಡ್ಡವರನ್ನು ಮತ್ತೆ ರಣರಂಗಕ್ಕೆ ಕರೆತಂದದ್ದೂ ಉಂಟು. ಇತ್ತ ಸರ್ಕಾರದ ಪಕ್ಷದಲ್ಲಿ ರಾಣಿ ಫ್ರೆಡರಿಕಾ ಅವರ ಆಶ್ರಯದಲ್ಲಿ ಐವತ್ತಕ್ಕೂ ಹೆಚ್ಚು ‘ಮಕ್ಕಳ ಊರು’ಗಳು ನಡೆದವು, ಸುಮಾರು 18,000 ಮಕ್ಕಳನ್ನು ಅವರ ಹಳ್ಳಿಗಳಿಂದ ತಂದು ಅಲ್ಲಿ ಬೆಳೆಸಲಾಯಿತು. ಎರಡೂ ಪಕ್ಷಗಳು ಮಕ್ಕಳನ್ನು ಕಾಪಾಡುತ್ತಿದ್ದೇವೆಂದವು. ಎರಡೂ ಪಕ್ಷಗಳು ತಮ್ಮ ನಾಳೆಯ ಪ್ರಜೆಗಳನ್ನು ರೂಪಿಸುತ್ತಿದ್ದವು.

ಗ್ರೀಸ್ ಸರ್ಕಾರ ಈ ಸಾಗಾಣಿಕೆಯನ್ನು ‘ಪೆದೊಮಾಜೊಮ’ ಎಂದು ಕರೆಯಿತು. ಒಟ್ಟೋಮನ್ ಸುಲ್ತಾನರು ಕ್ರೈಸ್ತ ಬಾಲಕರನ್ನು ಕಪ್ಪವಾಗಿ ಎತ್ತಿಕೊಂಡು ಹೋಗುತ್ತಿದ್ದ ಪದ್ಧತಿಗೆ ಗ್ರೀಕರು ಬಳಸುತ್ತಿದ್ದ ಹೆಸರದು. ವಿಶ್ವಸಂಸ್ಥೆಯ ಮಹಾಸಭೆ 1948ರ ನವೆಂಬರ್ 27ರಂದು, ಹೆತ್ತವರು ಅಥವಾ ಹತ್ತಿರದ ಬಂಧುಗಳು ಬಯಸಿದಲ್ಲಿ ಮಕ್ಕಳನ್ನು ಗ್ರೀಸಿಗೆ ಮರಳಿಸಬೇಕೆಂದು ಶಿಫಾರಸು ಮಾಡಿ ರೆಡ್ ಕ್ರಾಸ್ ಸಂಸ್ಥೆಗೆ ಆ ಕೆಲಸ ಒಪ್ಪಿಸಿತು. ಯುಗೊಸ್ಲಾವಿಯದಿಂದ 1950ರ ಬಳಿಕ ಕೆಲವು ನೂರು ಮಕ್ಕಳು ಮರಳಿದರು; ಉಳಿದ ದೇಶಗಳು ಕಿವಿಗೊಡಲಿಲ್ಲ. 1949ರ ಡಿಸೆಂಬರ್ 29ರಂದು ಗ್ರೀಸ್ ದೇಶದಾದ್ಯಂತ ಕಳೆದುಹೋದ ಮಕ್ಕಳಿಗಾಗಿ ಶೋಕದಿನ ಆಚರಿಸಲಾಯಿತು. ಹೆರೋದನ ಕೈಯಲ್ಲಿ ಮಡಿದ ಮುಗ್ಧ ಶಿಶುಗಳನ್ನು ಪೌರ್ವಾತ್ಯ ಪಂಚಾಂಗ ಸ್ಮರಿಸುವುದು ಅದೇ ದಿನ. ರಾಖೇಲಳ ಅಳುವಿನ ದಿನ ಅದು. ಯೆರೆಮೀಯನ ಪ್ರವಾದನೆಯಲ್ಲಿ ಆ ಅಳುವಿಗೆ ದೇವರು ಕೊಡುವ ಉತ್ತರ, ಮಕ್ಕಳು ಶತ್ರುವಿನ ನಾಡಿನಿಂದ ತಮ್ಮ ಸ್ವಂತ ಎಲ್ಲೆಗೆ ಮರಳುವರು ಎಂಬುದು.

‘ಗೆನೋಸ್’ ಎಂಬ ಷರತ್ತು

ಬಂಡುಕೋರರು 1949ರ ಆಗಸ್ಟ್ ಕೊನೆಗೆ ಸೋತರು. ಮರಳುವ ವಾರಗಳು ವರ್ಷಗಳಾದವು. ಮಕ್ಕಳು ಮಕ್ಕಳ ಮನೆಗಳಲ್ಲಿ ಓದಿ, ಕಾರ್ಖಾನೆಗಳಲ್ಲಿ ಕೆಲಸ ಕಲಿತು, ಅಲ್ಲಲ್ಲೇ ಮದುವೆಯಾದರು. ಕೆಲವರ ಹೆತ್ತವರು ಟೊರೊಂಟೊಗೊ ಮೆಲ್ಬರ್ನ್‌ಗೊ ವಲಸೆ ಹೋಗಿ ಅಲ್ಲಿಗೆ ಕರೆಸಿಕೊಂಡರು. ಅನೇಕರು ಸ್ಕೋಪ್ಯೆ ನಗರದಲ್ಲಿ ನೆಲೆಸಿದರು. ಈ ನಡುವೆ, ದೇಶದ ಹೊರಗಿದ್ದು ರಾಷ್ಟ್ರವಿರೋಧಿ ಕೃತ್ಯದಲ್ಲಿ ತೊಡಗಿದವರ ಪೌರತ್ವ ಕಸಿಯುವ 1947ರ ಶಾಸನದಡಿ ಅಸಂಖ್ಯಾತ ನಿರಾಶ್ರಿತರು ಗ್ರೀಕ್ ಪ್ರಜೆಗಳೆನಿಸಿಕೊಳ್ಳುವ ಹಕ್ಕು ಕಳೆದುಕೊಂಡರು. ಅವರ ಹೊಲ ಮನೆಗಳು ಬೇರೆಯವರ ಪಾಲಾದವು.

ಬಳಿಕ ಬಂದದ್ದು ಔದಾರ್ಯದ ಘಳಿಗೆ. ಆಂದ್ರೆಯಾಸ್ ಪಪಾಂದ್ರೆಯು ಅವರ ಸರ್ಕಾರ ಅಂತರ್ಯುದ್ಧದ ಗಾಯಗಳನ್ನು ಮಾಯಿಸಲು ಮುಂದಾಗಿ, ಆ ಯುದ್ಧದ ಕಾರಣ ದೇಶ ಬಿಟ್ಟ ರಾಜಕೀಯ ನಿರಾಶ್ರಿತರು ಪೌರತ್ವ ಕಳೆದುಕೊಂಡಿದ್ದರೂ ಮುಕ್ತವಾಗಿ ಮರಳಬಹುದೆಂದು ಆದೇಶ ಹೊರಡಿಸಿತು. ಆದರೆ ಆದೇಶದಲ್ಲಿ ಒಂದು ವಿಶೇಷಣವಿತ್ತು. ಮರಳಬಹುದಾದವರು ‘ಗೆನೋಸ್’ನಿಂದ ಗ್ರೀಕರಾಗಿರಬೇಕು. ಆಸ್ತಿ ಮರಳಿಸುವ 1985ರ ಶಾಸನವೂ ಅದೇ ಷರತ್ತನ್ನು ಹಾಕಿತು. ಹೀಗೆ ಒಂದೇ ರಾತ್ರಿ ಒಂದೇ ದಾರಿಯಲ್ಲಿ ನಡೆದುಹೋದ ಇಬ್ಬರು ಮಕ್ಕಳಲ್ಲಿ ಗ್ರೀಕ್ ಎನಿಸಿಕೊಂಡವನು ಮನೆಗೆ ಬಂದ. ತನ್ನನ್ನು ಮಕೆದೋನಿಯನ್ ಎಂದು ಕರೆದುಕೊಂಡವನು ಹೊರಗುಳಿದ. ಆ ಆದೇಶದ ತಾರೀಖು 1982ರ ಡಿಸೆಂಬರ್ 29. ಮೂವತ್ತಮೂರು ವರ್ಷಗಳ ಹಿಂದೆ ಯಾವ ದಿನ ಆ ಮಕ್ಕಳೆಲ್ಲರಿಗಾಗಿ ಇಡೀ ನಾಡು ಅತ್ತಿತ್ತೋ ಅದೇ ದಿನ. ಇದು ಕಾಕತಾಳೀಯವೇ ಇರಬಹುದು. ಆದರೂ ನಮ್ಮ ಮನಸ್ಸು ಅಲ್ಲಿ ನಿಲ್ಲುತ್ತದೆ: ಅತ್ತದ್ದು ಎಲ್ಲರಿಗಾಗಿ, ಕರೆದದ್ದು ಕೆಲವರನ್ನು.

ಹೊರಗುಳಿದವರು 1988ರ ಬೇಸಿಗೆಯಲ್ಲಿ ಸ್ಕೋಪ್ಯೆಯಲ್ಲಿ ಮೊದಲ ಜಾಗತಿಕ ಪುನರ್ಮಿಲನಕ್ಕಾಗಿ ಸೇರಿದರು. ನಲವತ್ತು ವರ್ಷಗಳ ಹಿಂದೆ ಬೇರೆಯಾದವರು ಒಬ್ಬರ ಮುಖದಲ್ಲಿ ಒಬ್ಬರು ಬಾಲ್ಯವನ್ನು ಹುಡುಕಿದರು. 1998ರಲ್ಲಿ ಎರಡನೆಯ ಬಾರಿ ಸೇರಿದಾಗ, ಹುಟ್ಟೂರನ್ನು ನೋಡಿಬರಲು ಹೊರಟ ಅನೇಕರನ್ನು ಗಡಿಯಿಂದಲೇ ಹಿಂದಕ್ಕೆ ಕಳುಹಿಸಲಾಯಿತು. 2003ರಲ್ಲಿ ಗ್ರೀಸ್ ಅವರಿಗೆ ತಾತ್ಕಾಲಿಕ ಭೇಟಿಗೆ ಅವಕಾಶ ಕೊಟ್ಟಿತು. ಅರ್ಧ ಶತಮಾನದ ಬಳಿಕ ಹೊಸ್ತಿಲು ಕಂಡವರು ಇದ್ದರು. ಆದರೆ ಜನ್ಮಸ್ಥಳದ ಜಾಗದಲ್ಲಿ ದೆಂದ್ರೊಹೋರಿ ಎಂಬ ಹೊಸ ಹೆಸರಿನ ಬದಲು ದಂಬೆನಿ ಎಂಬಂಥ ಹಳೆಯ ಹೆಸರು ಇದ್ದ ಪಾಸ್‌ಪೋರ್ಟ್ ಹಿಡಿದು ಬಂದವರಿಗೆ ಆಗಲೂ ಪ್ರವೇಶ ಸಿಗಲಿಲ್ಲ. ತಾಯಿ ಕಲಿಸಿದ ಊರಿನ ಹೆಸರೇ ಊರಿಗೆ ಅಡ್ಡ ನಿಂತಿತು.

ಗ್ರೀಸಿನ ಭಯಕ್ಕೂ ಕಾರಣವಿತ್ತೆಂಬುದನ್ನು ಮರೆಮಾಚಬಾರದು. 1941ರಿಂದ 1944ರವರೆಗೆ ಬಲ್ಗೇರಿಯ ಅದರ ಉತ್ತರ ಪ್ರಾಂತಗಳನ್ನು ಆಕ್ರಮಿಸಿಕೊಂಡಿತ್ತು. ಅಂತರ್ಯುದ್ಧದ ಕೊನೆಯ ವರ್ಷದಲ್ಲಿ ಗ್ರೀಕ್ ಕಮ್ಯುನಿಸ್ಟ್ ಪಕ್ಷವೇ ಮಕೆದೋನಿಯನ್ನರ ಸ್ವನಿರ್ಣಯದ ಮಾತೆತ್ತಿತ್ತು. ನಾಡು ಒಡೆಯುವುದೆಂಬ ಆತಂಕ ಬರಿಯ ಕಲ್ಪನೆಯಾಗಿರಲಿಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ಸ್ವನಿರ್ಣಯದ ನಿರ್ಣಯ ಬರೆಯಲು ಬರುತ್ತದೆಯೇ? ರಾಜ್ಯವೊಂದು ತನ್ನ ಗಡಿಯನ್ನು ಕಾಯುವುದು ನ್ಯಾಯ. ಮಗುವಿನ ತಲೆಯ ಮೇಲೆ ಆ ಗಡಿಯ ಭಯವನ್ನು ಜೀವಮಾನವಿಡೀ ಹೊರಿಸುವುದು ನ್ಯಾಯವಲ್ಲ. ಮಗುವಿನ ಹೆಸರು, ಪೌರತ್ವ, ಕುಟುಂಬ ಸಂಬಂಧ ಇವುಗಳನ್ನು ಉಳಿಸಿಕೊಡುವುದು ರಾಜ್ಯದ ಕರ್ತವ್ಯವೆಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಎಂಟನೆಯ ವಿಧಿ ಹೇಳುತ್ತದೆ. 1948ರ ಮಕ್ಕಳು ಆ ಹೊತ್ತಿಗೆ ಐವತ್ತರ ಆಚೀಚೆ ಇದ್ದರು.

ಧರ್ಮಸಭೆಯ ಪಾಲು

ಈ ಕಥೆಯಲ್ಲಿ ಕ್ರೈಸ್ತ ಸಮುದಾಯ ಬರಿಯ ಪ್ರೇಕ್ಷಕನಾಗಿರಲಿಲ್ಲ. ಒಟ್ಟೋಮನ್ ಆಳ್ವಿಕೆಯಲ್ಲಿ ‘ಗೆನೋಸ್’ ಎಂದರೆ ಕಾನ್‌ಸ್ಟಾಂಟಿನೋಪಲ್ ಪಿತಾಮಹರ ಅಧೀನದಲ್ಲಿದ್ದ ಆರ್ಥೊಡಾಕ್ಸ್ ಕ್ರೈಸ್ತ ಜನಾಂಗ. ಮನೆಯಲ್ಲಿ ಗ್ರೀಕ್ ಆಡಲಿ, ಸ್ಲಾವಿಕ್ ಆಡಲಿ, ಜ್ಞಾನಸ್ನಾನ ಪಡೆದವರೆಲ್ಲರೂ ಅದರೊಳಗಿದ್ದರು. 1870ರಲ್ಲಿ ಸುಲ್ತಾನನ ಆಜ್ಞೆಯಿಂದ ಬಲ್ಗೇರಿಯನ್ ಎಕ್ಸಾರ್ಕೇಟ್ ಎಂಬ ಪ್ರತ್ಯೇಕ ಧರ್ಮಾಡಳಿತ ಹುಟ್ಟಿತು. ಯಾವುದೇ ಸೀಮೆಯ ಮೂರನೆಯ ಎರಡು ಪಾಲು ವಿಶ್ವಾಸಿಗಳು ಬಯಸಿದರೆ ಅದಕ್ಕೆ ಸೇರಬಹುದಾಗಿತ್ತು. ಅಲ್ಲಿಂದ ಮುಂದೆ ಮಕೆದೋನಿಯದ ಹಳ್ಳಿಯೊಂದು ಯಾವ ಧರ್ಮಾಧ್ಯಕ್ಷರ ಹೆಸರಿನಲ್ಲಿ ಪ್ರಾರ್ಥಿಸುತ್ತದೆ ಎಂಬುದೇ ಅದು ಯಾವ ರಾಷ್ಟ್ರದ್ದು ಎಂಬುದಕ್ಕೆ ಗುರುತಾಯಿತು.

1872ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸೇರಿದ ಧರ್ಮಸಭಾ ಸಮ್ಮೇಳನ ಎಕ್ಸಾರ್ಕೇಟನ್ನು ಖಂಡಿಸುತ್ತ, ಧರ್ಮಸಭೆಯನ್ನು ಕುಲದ ಆಧಾರದ ಮೇಲೆ ಕಟ್ಟುವುದು ಪಾಷಂಡವೆಂದು ಸಾರಿತು. ‘ಫಿಲೆಟಿಸಂ’ ಎಂದು ನಾವು ಪಾಠದಲ್ಲಿ ಓದುವ ದೋಷವಿದು. ತೀರ್ಪು ಸರಿಯಾಗಿತ್ತು, ಆದರೆ ತೀರ್ಪು ಕೊಟ್ಟವರೂ ತಮ್ಮ ಕುಲದ ಹಿತವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿರಲಿಲ್ಲ. 1913ರ ಬಳಿಕ ಗ್ರೀಸಿಗೆ ಸೇರಿದ ಹಳ್ಳಿಗಳಲ್ಲಿ ಸ್ಲಾವೋನಿಕ್ ಆರಾಧನೆ ನಿಂತುಹೋಯಿತು. ಜ್ಞಾನಸ್ನಾನದಲ್ಲಿ ಕೊಡುವ ಹೆಸರೂ ಗ್ರೀಕ್ ರೂಪ ತಾಳಿತು. ಪಿತಾಮಹರಿಗೂ ಎಕ್ಸಾರ್ಕೇಟಿಗೂ ಇದ್ದ ಒಡಕು ಮುಗಿದದ್ದು 1945ರಲ್ಲಿ, ಅಂತರ್ಯುದ್ಧ ಆರಂಭವಾಗುವ ಹಿಂದಿನ ವರ್ಷ. ಪಂಥಗಳು ಕೈ ಕುಲುಕಿದವು, ಆದರೆ ಹಳ್ಳಿಗಳ ನೆನಪಿನಲ್ಲಿ ಕುಲದ ಗೆರೆ ಉಳಿಯಿತು. 1982ರ ಆದೇಶದಲ್ಲಿ ಮರಳಿ ಬಂದ ಆ ಪದ ಎಲ್ಲಿಂದಲೋ ಬಂದದ್ದಲ್ಲ. ಎಲ್ಲರನ್ನೂ ಒಳಗೊಂಡಿದ್ದ ಧರ್ಮಸಭೆಯ ಪದವೇ ಕಿರಿದಾಗುತ್ತ ಕಿರಿದಾಗುತ್ತ ಗಡಿಠಾಣೆಯ ಪದವಾಗಿ ಬಂದಿತ್ತು.

ಅದೇ ಪದ, ಬೇರೆ ಅರ್ಥ

ಪೇತ್ರನ ಮೊದಲನೆಯ ಪತ್ರದ ಎರಡನೆಯ ಅಧ್ಯಾಯದ ಒಂಬತ್ತನೆಯ ವಚನದಲ್ಲಿ ವಿಶ್ವಾಸಿಗಳನ್ನು ಆಯ್ದುಕೊಂಡ ಜನಾಂಗವೆಂದು ಕರೆಯುವಾಗ ಮೂಲದಲ್ಲಿರುವ ಪದ ‘ಗೆನೋಸ್’. ಯಾರನ್ನು ಹಾಗೆ ಕರೆಯಲಾಗಿದೆ? ಪತ್ರದ ಮೊದಲ ಸಾಲಿನಿಂದಲೇ ಅವರು ಚದರಿಹೋದ ಪರದೇಶಿಗಳು. ಒಮ್ಮೆ ಪ್ರಜೆಯೇ ಆಗಿರದವರು ಈಗ ದೇವರ ಪ್ರಜೆಯಾಗಿದ್ದಾರೆ ಎಂದು ಹತ್ತನೆಯ ವಚನ ಸೇರಿಸುತ್ತದೆ. ಇಲ್ಲಿ ಗೆನೋಸ್ ಎಂಬುದು ಪ್ರವೇಶಕ್ಕೆ ಮೊದಲು ತೋರಿಸಬೇಕಾದ ಪ್ರಮಾಣಪತ್ರವಲ್ಲ. ಕರುಣೆಯಿಂದ ಒಳಗೆ ಕರೆಯಲ್ಪಟ್ಟವರಿಗೆ ಕೊನೆಗೆ ದೊರೆಯುವ ಹೆಸರು. ನಮ್ಮ ‘ಪ್ಯಾರಿಷ್’ ಎಂಬ ಪದವೂ ಗ್ರೀಕಿನ ‘ಪರೋಯ್ಕಿಯ’ದಿಂದ ಬಂದದ್ದು, ಅದರ ಅರ್ಥ ಪರದೇಶವಾಸ. ಧರ್ಮಕೇಂದ್ರವೆಂದರೆ ಮೂಲದಲ್ಲಿ ನೆಲೆಯಿಲ್ಲದವರ ನೆಲೆ.

ಸಂತ ಪೌಲರು ಮಕೆದೋನಿಯದ ಫಿಲಿಪ್ಪಿಯವರಿಗೆ ಬರೆಯುವಾಗಲೂ ಇದೇ ಪದ ಬಳಸುತ್ತಾರೆ. ತಾವು ಇಸ್ರಯೇಲಿನ ಗೆನೋಸ್‌ನವರೆಂದು ಹೇಳಿ, ಕ್ರಿಸ್ತರಿಗಾಗಿ ಅದನ್ನು ನಷ್ಟವೆಂದು ಎಣಿಸುತ್ತಾರೆ. ನಮ್ಮ ಪೌರತ್ವ ಸ್ವರ್ಗದಲ್ಲಿದೆ ಎಂಬ ಬೋಧನೆಯೂ ಅದೇ ಅಧ್ಯಾಯದ್ದು. ಇಲ್ಲಿ ನಾವು ಎಚ್ಚರದಿಂದಿರಬೇಕು. ತನ್ನ ಕೈಯಲ್ಲಿರುವುದನ್ನು ಮಾತ್ರ ಒಬ್ಬನು ತ್ಯಜಿಸಬಲ್ಲ. ಪೌಲರಿಗೆ ವಂಶಾವಳಿಯಿತ್ತು, ರೋಮಿನ ಪೌರತ್ವವೂ ಇತ್ತು. ಅದೇ ಫಿಲಿಪ್ಪಿಯಲ್ಲಿ ಅನ್ಯಾಯವಾದಾಗ ಅವರು ಆ ಪೌರತ್ವವನ್ನು ಅಧಿಕಾರಿಗಳ ಮುಂದೆ ಎತ್ತಿಹಿಡಿದರು. ಹುಟ್ಟೂರಿನ ಗಡಿಯಲ್ಲಿ ತಡೆಯಲ್ಪಟ್ಟ ಮುದುಕಿಗೆ, ನಿನ್ನ ನಿಜವಾದ ಊರು ಸ್ವರ್ಗದಲ್ಲಿದೆ ಎಂದು ಬೋಧಿಸುವುದು ಸುವಾರ್ತೆಯಲ್ಲ. ಅದು ಸುವಾರ್ತೆಯ ಮರೆಯಲ್ಲಿ ಹೊಣೆಯಿಂದ ನುಣುಚಿಕೊಳ್ಳುವುದು. ಜಗದ್ಗುರು ಹನ್ನೆರಡನೆಯ ಪಿಯೂಸರು 1952ರಲ್ಲಿ ವಲಸಿಗರ ಪಾಲನೆ ಕುರಿತು ಹೊರಡಿಸಿದ ‘ಎಕ್ಸುಲ್ ಫಮಿಲಿಯ’ ಎಂಬ ಪ್ರೇಷಿತ ಆಜ್ಞಾಪತ್ರ ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನು ಎಲ್ಲ ನಿರಾಶ್ರಿತ ಕುಟುಂಬಗಳಿಗೂ ಮಾದರಿಯಾಗಿ ಮುಂದಿಟ್ಟಿತು. ಆ ಕುಟುಂಬ ಹೆರೋದನು ಸತ್ತ ಬಳಿಕ ತನ್ನ ನಾಡಿಗೆ ಮರಳಿತೆಂಬುದನ್ನೂ ನಾವು ನೆನೆಯಬೇಕು.

ನಮ್ಮ ಕೈಯಲ್ಲಿರುವ ಪುಸ್ತಕ

ಗ್ರೀಸಿನ ಗಡಿ ನಮಗೆ ದೂರ. ಆದರೆ ಹೆಸರುಗಳ ಪುಸ್ತಕ ನಮ್ಮ ಮೇಜಿನ ಮೇಲೆಯೇ ಇದೆ. ಪ್ರತಿಯೊಂದು ಧರ್ಮಕೇಂದ್ರವೂ ಜ್ಞಾನಸ್ನಾನದ ದಾಖಲೆ ಪುಸ್ತಕ ಇಡಬೇಕೆಂದು ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ಕಾನೂನು ವಿಧಿಸುತ್ತದೆ. ಹೆಸರು, ಹೆತ್ತವರು, ಸಾಕ್ಷಿಗಳು, ಜ್ಞಾನಸ್ನಾನದ ಸ್ಥಳ ಮತ್ತು ದಿನ, ಹುಟ್ಟಿದ ಸ್ಥಳ ಮತ್ತು ದಿನ ಇವನ್ನು ತಡಮಾಡದೆ, ಎಚ್ಚರಿಕೆಯಿಂದ ಬರೆಯಬೇಕೆಂದು 877ನೆಯದು ಹೇಳುತ್ತದೆ. ಕುಲವನ್ನು ಬರೆಯಬೇಕೆಂದು ಎಲ್ಲಿಯೂ ಹೇಳಿಲ್ಲ. ಗುರುಮಠದಲ್ಲಿ ಇದನ್ನು ಆಡಳಿತದ ಪಾಠವೆಂದು ಕಲಿಸುತ್ತೇವೆ. ಅದು ಪಾಲನಾ ದೈವಶಾಸ್ತ್ರದ ಪಾಠವೂ ಹೌದೆಂಬುದನ್ನು ನಾವು ಒಂದು ತಪ್ಪಿನಿಂದ ಕಲಿತೆವು.

1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಪ್ರಕಾರ ಸಿಲೋನಿನಿಂದ ಬಂದ ತಮಿಳು ಕುಟುಂಬಗಳು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ನೆಲೆಸಿರುವುದು ಅನೇಕ ಓದುಗರಿಗೆ ಗೊತ್ತು. ಅವರನ್ನು ಕಳುಹಿಸಿದ್ದು ಯುದ್ಧವಲ್ಲ, ಒಪ್ಪಂದ. ಆದರೂ ಅಜ್ಜನ ನಾಡು ತಮ್ಮನ್ನು ಗುರುತಿಸಲೆಂದು ಕಾದವರೇ ಅವರು. ನಾವು ಗುರುಗಳಾದ ಆರಂಭದ ದಿನಗಳಲ್ಲಿ ಅಂಥ ಕುಟುಂಬದ ಮಧ್ಯವಯಸ್ಕರೊಬ್ಬರು ಜನನದ ದಿನಾಂಕಕ್ಕೆ ಆಧಾರ ಬೇಕೆಂದು ಜ್ಞಾನಸ್ನಾನದ ಪತ್ರ ಕೇಳಿಕೊಂಡು ಬಂದರು. ಅವರು ಹೇಳಿದ ಹೆಸರು ಪುಸ್ತಕದಲ್ಲಿ ಕಾಣಲಿಲ್ಲ. ಅಫಿಡವಿಟ್ ತನ್ನಿ ಎಂದು ಹೇಳಿ ಕಳುಹಿಸಿದೆವು. ಹೊರಡುವಾಗ ಅವರು ಹೇಳಿದ ಮಾತು ಇದು: “ಫಾದರ್, ಅಲ್ಲಿ ನಮ್ಮನ್ನು ಇಂಡಿಯಾದವರು ಅಂದರು, ಇಲ್ಲಿ ಸಿಲೋನಿನವರು ಅನ್ನುತ್ತಾರೆ. ನಿಮ್ಮ ಪುಸ್ತಕದಲ್ಲೂ ನಾನಿಲ್ಲವಾ?” ಕೆಲವು ವಾರಗಳ ಬಳಿಕ ಬೇರೊಂದು ಹೆಸರು ಹುಡುಕುವಾಗ ಅವರು ಸಿಕ್ಕಿದರು. ಅಂದಿನ ಗುರುಗಳು ತಮಿಳು ಹೆಸರನ್ನು ತಮಗೆ ಕೇಳಿಸಿದಂತೆ ಬರೆದಿದ್ದರು. ತಾಯಿಯ ಹೆಸರಿನಿಂದ ಹುಡುಕಿದ್ದರೆ ಅಂದೇ ಸಿಗುತ್ತಿತ್ತು. ಪತ್ರ ಬರೆದು ಲೈನ್ ಮನೆಗೆ ನಾವೇ ಕೊಂಡೊಯ್ದೆವು. ಅರ್ಜಿಯ ಗಡುವು ಮುಗಿದಿತ್ತು.

ಆದ್ದರಿಂದ ಗುರುಪಟ್ಟಕ್ಕೆ ಸಿದ್ಧರಾಗುತ್ತಿರುವ ಸಹೋದರರಲ್ಲಿ ನಮ್ಮ ವಿನಂತಿ ಸರಳವಾದದ್ದು. ಮಗುವಿನ ಹೆಸರನ್ನು ತಾಯಿ ಕರೆಯುವಂತೆ ಬರೆಯಿರಿ. ಊರಿನ ಹೆಸರನ್ನು ಅವರು ಹೇಳುವಂತೆ ಬರೆದು, ಸರ್ಕಾರಿ ಹೆಸರನ್ನು ಪಕ್ಕದಲ್ಲಿ ಸೇರಿಸಿರಿ. ಹೆಸರು ಸಿಗದೆ ಹೋದಾಗ ತಪ್ಪು ಪುಸ್ತಕದ್ದಿರಬಹುದೆಂದು ಮೊದಲು ಶಂಕಿಸಿ, ಮನುಷ್ಯನನ್ನು ಕೊನೆಗೆ ಶಂಕಿಸಿರಿ.

ಎಜ್ರನ ಪಟ್ಟಿಗೆ ಮರಳೋಣ. ವಂಶ ತೋರಿಸಲಾಗದ ಆ 652 ಮಂದಿಯನ್ನು ಗ್ರಂಥ ಹಿಂದಕ್ಕೆ ಕಳುಹಿಸುವುದಿಲ್ಲ. ಮರಳಿದವರ ನಡುವೆಯೇ ಎಣಿಸುತ್ತದೆ. ಯಾಜಕ ಕುಟುಂಬಗಳ ವಿಷಯದಲ್ಲಿಯೂ ಊರೀಮ್ ತುಮ್ಮೀಮ್ ಧರಿಸಿದ ಯಾಜಕನೊಬ್ಬ ಬರುವ ತನಕ ಎಂದು ತೀರ್ಪನ್ನು ಕಾಯ್ದಿರಿಸುತ್ತದೆ, ಬಾಗಿಲನ್ನು ಮುಚ್ಚುವುದಿಲ್ಲ. ಹೊರಗುಳಿದ ಆ ಕುಟುಂಬಗಳಲ್ಲಿ ಹಕ್ಕೋಚನದೂ ಒಂದು. ನೆಹೆಮೀಯನ ಕಾಲದಲ್ಲಿ ಅದೇ ಹಕ್ಕೋಚನ ಮೊಮ್ಮಗ, ಊರೀಯನ ಮಗ ಮೆರೇಮೋತನು ಜೆರುಸಲೇಮಿನ ಗೋಡೆಯ ಎರಡು ಭಾಗಗಳನ್ನು ಕಟ್ಟುತ್ತಿರುವುದನ್ನು ನಾವು ಕಾಣುತ್ತೇವೆ. ಎಜ್ರನ ಎಂಟನೆಯ ಅಧ್ಯಾಯದಲ್ಲಿ ದೇವಾಲಯದ ಬೆಳ್ಳಿಬಂಗಾರವನ್ನು ತೂಗಿ ಒಪ್ಪಿಸಿದ್ದೂ ಊರೀಯನ ಮಗನಾದ ಯಾಜಕ ಮೆರೇಮೋತನ ಕೈಗೇ. ಒಮ್ಮೆ ಪುಸ್ತಕದಲ್ಲಿ ಹೆಸರಿಲ್ಲದವರ ಮನೆಯವರು ಊರಿನ ಗೋಡೆ ಕಟ್ಟಿದರು. 1948ರ ಮಕ್ಕಳಲ್ಲಿ ಇಂದು ಉಳಿದಿರುವವರು ಎಂಬತ್ತರ ಆಚೆಗಿದ್ದಾರೆ. ಅವರು ಕಾಯುತ್ತಿರುವುದು ಇಷ್ಟಕ್ಕೇ: ಯಾರಾದರೂ ಪುಸ್ತಕವನ್ನು ಇನ್ನೊಮ್ಮೆ ತೆರೆದು ನೋಡಲಿ ಎಂದು.